ಟಿಕೆಟ್ ತೆಗೆಸದೆ ದೇವರಾದವನು

ವಿಮೆ, ಚೀಟಿ ವ್ಯವಹಾರ, ಬೀಜ-ಗೊಬ್ಬರದ ಅಂಗಡಿ, ಸೈಟು ಕೊಡಿಸುವ ದಲ್ಲಾಳಿತನ ಎಲ್ಲವನ್ನೂ ಹಿಡಿದು ಬಿಟ್ಟಿದ್ದ ವೀರೇಶ ಈಗ ತನ್ನ ಕಾರ್ಡಿನ ಮೇಲೆ ‘ಲೈಫ್ ಕೋಚ್’ ಎಂದು ಅಚ್ಚು ಹಾಕಿಸಿದ್ದಾನೆಂಬ ಸುದ್ದಿಗೆ ಕೊಪ್ಪಳ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಯಾರೂ ಬೆರಗಾಗಲಿಲ್ಲ. ಬೆರಗಾದದ್ದು ಅದಕ್ಕೆ ಅವನು ಕೊಟ್ಟ ಸಾಕ್ಷಿಗೆ.

“ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ರಾಬಿ ಫೌಲರ್‌ನನ್ನು ನೋಡಿರಿ, ಕಾಕಾ. ಹತ್ತಾರು ಊರು ಸುತ್ತಿದ, ಕೋಚ್ ಆದ. ಸುತ್ತಾಟವೇ ಅನುಭವ, ಅನುಭವವೇ ಅರ್ಹತೆ.”

ರೈಲ್ವೆಯ ಬುಕಿಂಗ್ ಕೌಂಟರಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದ ರುದ್ರಪ್ಪನವರು ಮಿರ್ಚಿಯ ತುದಿ ಮುರಿಯುತ್ತ, “ಹಾಗಿದ್ದರೆ ಜಗತ್ತಿಗೆ ಬುದ್ಧಿ ಹೇಳುವ ಅಧಿಕಾರ ನಮ್ಮ ಟಿ.ಸಿ.ಗಳಿಗೆ ಮಾತ್ರ ಇರಬೇಕಿತ್ತಪ್ಪ. ಆತ ಎಲ್ಲಿಂದ ಎಲ್ಲಿಗೆ ಟಿಕೆಟ್ ತೆಗೆಸಿದ ಎಂಬುದನ್ನು ಮೊದಲು ಹೇಳು” ಎಂದರು.

ವೀರೇಶನಿಗೆ ಫೌಲರ್ ಪರಿಚಯವಾದದ್ದು ಅರ್ಧ ನಿಮಿಷದ ರೀಲ್ಸಿನಲ್ಲಾದ್ದರಿಂದ, ಹೇಳುವ ಕೆಲಸ ಲಿವರ್‌ಪೂಲ್ ಕ್ಲಬ್ ಎಂದರೆ ಪ್ರಾಣ ಬಿಡುವ ಮೊಬೈಲ್ ಅಂಗಡಿಯ ಮೆಹಬೂಬನ ಪಾಲಿಗೆ ಬಂತು.

“ಹುಟ್ಟಿದ್ದೇ ಲಿವರ್‌ಪೂಲಿನಲ್ಲಿ, 1975ರಲ್ಲಿ. ಅಲ್ಲಿಯ ಕ್ಲಬ್ಬಿಗೇ ಆಡುತ್ತ, ಫುಲ್‌ಹ್ಯಾಮ್ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದಾಗ ಅವನ ವಯಸ್ಸು 18. ಮರುವರ್ಷ, 1994ರಲ್ಲಿ, ಆರ್ಸೆನಲ್ ವಿರುದ್ಧ 4 ನಿಮಿಷ 33 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದ. ಇಂಗ್ಲೆಂಡಿನ ದೊಡ್ಡ ಲೀಗಾದ ಪ್ರೀಮಿಯರ್ ಲೀಗಿನ ಆ ದಾಖಲೆಯನ್ನು ಮುರಿಯಲು 2015ರಲ್ಲಿ ಸಾದಿಯೋ ಮಾನೆಯೇ ಬರಬೇಕಾಯಿತು. ಅಭಿಮಾನಿಗಳು ಅವನನ್ನು ‘ಗಾಡ್’ ಎಂದೇ ಕರೆಯುತ್ತಿದ್ದರು, ಕಾಕಾ.”

“ಅಷ್ಟು ಹೊತ್ತಿಗೆ ಎಷ್ಟು ಊರು ಸುತ್ತಿದ್ದ?”

“ಒಂದೂ ಇಲ್ಲ.”

“ಬರೆದುಕೋ ವೀರೇಶ. ಟಿಕೆಟ್ ತೆಗೆಸದೆಯೇ ದೇವರಾಗಿದ್ದಾನೆ.”

2001ರಲ್ಲಿ ಲೀಡ್ಸ್‌ಗೆ, ಆ ಕ್ಲಬ್ಬು ಸಾಲದಲ್ಲಿ ಮುಳುಗಿದ ಮೇಲೆ 2003ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದ ಫೌಲರನ ಸಂಬಳದ ಒಂದು ಭಾಗವನ್ನು ಆಮೇಲೆಯೂ ಲೀಡ್ಸ್ ಕ್ಲಬ್ಬೇ ಕೊಡುತ್ತಿತ್ತು ಎಂದು ಮೆಹಬೂಬ ಹೇಳಿದಾಗ, ಅದುವರೆಗೆ ಒಗ್ಗರಣೆಯ ಮಂಡಕ್ಕಿಯಿಂದ ತಲೆ ಎತ್ತದಿದ್ದ ತಾಲೂಕು ಕಚೇರಿಯ ಗವಿಸಿದ್ದಪ್ಪ, “ಡೆಪ್ಯುಟೇಶನ್!” ಎಂದು ಉದ್ಗರಿಸಿ, ಇಷ್ಟು ಒಳ್ಳೆಯ ಆಟವನ್ನು ತಾನು ಇದುವರೆಗೆ ಕಡೆಗಣಿಸಿದ್ದಕ್ಕೆ ಮರುಗಿದ.

“ಆದರೆ 2006ರಲ್ಲಿ ಲಿವರ್‌ಪೂಲಿಗೇ ಮರಳಿ ಬಂದ,” ಎಂದ ಮೆಹಬೂಬ. “ಲೀಗಿನಲ್ಲಿ ಹೊಡೆದ ಒಟ್ಟು 163 ಗೋಲುಗಳಲ್ಲಿ 128 ಲಿವರ್‌ಪೂಲಿಗೆ ಹೊಡೆದವು.”

ರುದ್ರಪ್ಪನವರು ಚಹದ ಲೋಟವನ್ನು ಕೆಳಗಿಟ್ಟರು. “ಅದು ಅಪರೂಪದ ಟಿಕೆಟ್. ಮಳೆ ಕೈಕೊಟ್ಟ ವರ್ಷ ನನ್ನ ಕಿಂಡಿಯ ಮುಂದೆ ಗುಳೆ ಹೋಗುವವರ ಸಾಲು ಗೇಟಿನವರೆಗೆ ನಿಲ್ಲುತ್ತಿತ್ತು. ಗಂಡ, ಹೆಂಡತಿ, ಎರಡು ಕೂಸು, ಒಂದು ಗಂಟು. ಹೋಗುವ ಊರನ್ನಷ್ಟೇ ಹೇಳುತ್ತಿದ್ದರು, ಬರುವ ದಿನವನ್ನು ನಾನೂ ಕೇಳುತ್ತಿರಲಿಲ್ಲ. ಅವರಷ್ಟು ಊರು ಸುತ್ತಿದವರನ್ನು ನಾನು ಕಂಡಿಲ್ಲ. ಅವರಿಗೆ ಮಾತ್ರ ಯಾರೂ ಅನುಭವದ ಸರ್ಟಿಫಿಕೇಟ್ ಕೊಡಲಿಲ್ಲ ನೋಡು.”

ಸ್ವಲ್ಪ ಹೊತ್ತು ಯಾರಿಗೂ ಮಾತು ಹೊರಡಲಿಲ್ಲ. ಕಾರ್ಡಿಫ್, ಬ್ಲ್ಯಾಕ್‌ಬರ್ನ್, ಆಸ್ಟ್ರೇಲಿಯದ ಟೌನ್ಸ್‌ವಿಲ್, ಪರ್ತ್ ಎಂದು ಒಂದೇ ಉಸಿರಿನಲ್ಲಿ ದಾಟಿದ ಮೆಹಬೂಬ, 2011ರಲ್ಲಿ ಥಾಯ್ಲೆಂಡಿನ ಮುವಾಂಗ್‌ಥಾಂಗ್ ಕ್ಲಬ್ಬಿನಲ್ಲಿ ಫೌಲರ್ ಆಡುತ್ತಿರುವಾಗಲೇ ಕೋಚೂ ಆದ ಘಟ್ಟಕ್ಕೆ ಬಂದಾಗ ವೀರೇಶನ ಮುಖಕ್ಕೆ ಕಳೆ ಬಂತು.

“ನಾನು ಹೇಳಿದ್ದು ಇದನ್ನೇ! ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು ಕೂಡ ಅವನನ್ನು ಹುಡುಕಿಕೊಂಡು ಬಂತಲ್ಲ!”

“ಬಂತು,” ಎಂದ ಮೆಹಬೂಬ. “2020ರಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನ್ ತಂಡದ ಕೋಚ್ ಕೆಲಸ ಬಿಟ್ಟ ಮೇಲೆ. ಕೊರೊನಾದಿಂದಾಗಿ ನಮ್ಮ ದೇಶದ ಫುಟ್‌ಬಾಲ್ ಲೀಗಾದ ಐಎಸ್‌ಎಲ್ಲಿನ ಪಂದ್ಯಗಳೆಲ್ಲ ಗೋವೆಯಲ್ಲಿ, ಖಾಲಿ ಮೈದಾನದಲ್ಲಿ. ವಾಸ್ಕೋದಲ್ಲಿ ಮೊದಲ ಪಂದ್ಯವೇ ಮೋಹನ್ ಬಗಾನ್ ಎದುರು, 2-0ಯಿಂದ ಸೋಲು. 20 ಪಂದ್ಯಗಳಲ್ಲಿ 3 ಗೆಲುವು, 11 ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ರೆಫರಿಗಳ ಮೇಲೆ ಆಡಿದ ಮಾತಿಗೆ ನಾಲ್ಕು ಪಂದ್ಯಗಳ ನಿಷೇಧ. ಮುಂದಿನ ಸೀಸನ್ನಿಗೆ ಮುಂಚೆಯೇ ಹೊರಟುಹೋದ.”

“ಎಂದರೆ, ಕಲ್ಕತ್ತೆಯ ತಂಡಕ್ಕೆ ಕೋಚಾಗಿಯೂ ಕಲ್ಕತ್ತೆಯ ಜನರೆದುರು ಒಂದು ಪಂದ್ಯವನ್ನೂ ಆಡಿಸಲಿಲ್ಲ!” ರುದ್ರಪ್ಪನವರು ಹಳಿಯ ಕಡೆ ಕೈ ತೋರಿದರು. “ಕಲ್ಕತ್ತೆಯ ಕಡೆಯಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ ದಾಟಿ ಇದೇ ಹಳಿಯ ಮೇಲೆ ಹಾಯುತ್ತದೆ. ಯಾರಾದರೂ ಆ ಮನುಷ್ಯನನ್ನು ಒಮ್ಮೆ ಮರಳಿ ಕಲ್ಕತ್ತೆಗೆ ಹೋಗುವ ಅದೇ ಗಾಡಿಯಲ್ಲಿ ಕೂರಿಸಬೇಕಿತ್ತು.”

“ಕಾಕಾ, ನೀವು ಸೋಲನ್ನೇ ನೋಡುತ್ತೀರಿ. ಗೆದ್ದರೆ ಯಾರೂ ಹೀಗೆ ಕೇಳುವುದಿಲ್ಲ,” ಎಂದು ವೀರೇಶ ಪಟ್ಟು ಹಿಡಿದ.

“ಅದೂ ಸುಳ್ಳು,” ಎಂದ ಮೆಹಬೂಬ. “2023ರಲ್ಲಿ ಸೌದಿಯ ಅಲ್ ಖಾದ್ಸಿಯಾ ಕ್ಲಬ್ಬಿನಲ್ಲಿ ಎಂಟು ಪಂದ್ಯ ಒಂದನ್ನೂ ಸೋಲದೆ ಮುಗಿಸಿದ. ಆಗಲೇ ಅವನನ್ನು ತೆಗೆದುಹಾಕಿದರು.”

ಗವಿಸಿದ್ದಪ್ಪನಿಗೆ ಇದು ತೀರ ಸಹಜವೆಂದು ಕಂಡಿತು. ಒಳ್ಳೆಯ ಕೆಲಸ ಮಾಡಿದವರನ್ನು ಆರು ತಿಂಗಳಿಗಿಂತ ಹೆಚ್ಚು ಒಂದೇ ಕುರ್ಚಿಯಲ್ಲಿ ತಾನೂ ನೋಡಿಲ್ಲ ಎಂದ.

“ಆದರೂ ಫೌಲರನ ಮೇಲೆ ನನಗೆ ಸಿಟ್ಟಿಲ್ಲ,” ಎಂದರು ರುದ್ರಪ್ಪನವರು. “ಹದಿನೆಂಟನೆಯ ವಯಸ್ಸಿನಲ್ಲಿ ಯಾರೂ ಹೇಳಿಕೊಡದೆ ಕಾಲಿಗೆ ಬಂದದ್ದನ್ನು ಇನ್ನೊಬ್ಬರ ಕಾಲಿಗೆ ಹೇಗೆ ದಾಟಿಸುವುದೆಂದು ತಿಳಿಯದೆ ಒದ್ದಾಡಿರಬೇಕು, ಪಾಪ. ಆದರೆ ದಾಟಿಸಲು ಅವನ ಹತ್ತಿರ ಒಂದು ಚೆಂಡಾದರೂ ಇತ್ತು. ತೋರಣಗಲ್ಲಿನ ಹತ್ತಿರ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾರಲ್ಲ, ಅವರ ಹತ್ತಿರವೂ ಇದೆ. ನಿನ್ನ ಹತ್ತಿರ ಏನಿದೆ?”

“ಹಾಗಾದರೆ ನಾನು ಕೋಚ್ ಆಗಬಾರದೇ?”

“ಆಗು, ಯಾರು ಬೇಡವೆಂದರು? ಅವನು 4 ನಿಮಿಷ 33 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದ. ನೀನು ಅಷ್ಟೇ ಹೊತ್ತು ಯಾರಿಗೂ ಬುದ್ಧಿ ಹೇಳದೆ ಕೂತು ತೋರಿಸು. ನಿನ್ನ ಮೊದಲ ಫೀಸು ನಾನೇ ಕೊಡುತ್ತೇನೆ.”

ಮೆಹಬೂಬ ಮೊಬೈಲಿನಲ್ಲಿ ಸಮಯ ನೋಡತೊಡಗಿದ. “ಮೌನವನ್ನು ಸಾಧಿಸಲು ಮುಖ್ಯವಾಗಿ ಐದು ಸೂತ್ರಗಳಿವೆ,” ಎಂದು ವೀರೇಶ ಆರಂಭಿಸಿದಾಗ ಇಪ್ಪತ್ತು ಸೆಕೆಂಡೂ ಆಗಿರಲಿಲ್ಲ.