ಸಹಾಯ ಬೇಕು: ಹಳೇ ಪ್ಲೇಯರ್‌ಗೆ ಡಿವಿಡಿ ಮೈನಸ್ ಆರ್ ಸರಿನಾ, ಪ್ಲಸ್ ಆರ್ ಸರಿನಾ?

ನಮಸ್ಕಾರ, ಕಲಬುರಗಿಯಿಂದ ಬರೆಯುತ್ತಿದ್ದೇನೆ. ನಮ್ಮ ಓಣಿಯ ಭಜನಾ ಮಂಡಳಿಯ ತತ್ವಪದಗಳ ವಿಡಿಯೋ ಡಿಸ್ಕಿಗೆ ಹಾಕಿ ಹಿರಿಯರಿಗೆ ಕೊಡಬೇಕು. ಒಂದೇ ಸಲ ಬರೆಯಬಹುದಾದ ಖಾಲಿ ಡಿವಿಡಿಗಳಲ್ಲಿ ಮೈನಸ್ ಆರ್ (DVD-R), ಪ್ಲಸ್ ಆರ್ (DVD+R) ಅಂತ ಎರಡು ಬಗೆ; ನನ್ನ ಕಂಪ್ಯೂಟರ್ ಡ್ರೈವ್ ಎರಡನ್ನೂ ಬರೆಯುತ್ತದೆ. ಆದರೆ ಪ್ಲಸ್ ಡಿಸ್ಕ್ ಹಾಕಿದರೆ ಕಾಕಾ ಅವರ ಹಳೇ ಪ್ಲೇಯರ್ ಸ್ವಲ್ಪ ಹೊತ್ತು ಗರಗರ ತಿರುಗಿ 'ನೋ ಡಿಸ್ಕ್' ಅನ್ನುತ್ತದೆ, ಫೈನಲೈಸ್ ಮಾಡಿದ್ದರೂ (ಬರೆದು ಮುಗಿಸಿ ಡಿಸ್ಕ್ ಮುಚ್ಚಿದ್ದರೂ) ಅಷ್ಟೇ. ಮೈನಸ್ ಆರ್ 1997ರದು, ಪ್ಲಸ್ ಆರ್ 2002ರದು, ಎರಡರಲ್ಲೂ ಹಿಡಿಯೋದು ಅದೇ 4.7 ಜಿಬಿ. ಯಾವ ಬಗೆ ನಡೆಯಬೇಕು ಅನ್ನೋ ಕಂಪನಿಗಳ ಜಗಳದ ನಡುವೆ ಎರಡನ್ನೂ ಬರೆಯುವ ಡ್ರೈವ್ ಬಂದಿದ್ದು ಒಳ್ಳೆಯದೇ, ಅಂಗಡಿಯಲ್ಲಿ ಯಾವ ಡಿಸ್ಕ್ ಸಿಕ್ಕರೂ ನಡೆಯುತ್ತದೆ, ಆದರೆ ಮನೆಯ ಪ್ಲೇಯರ್ ಓದದಿದ್ದರೆ ಏನು ಉಪಯೋಗ ಹೇಳಿ? ಪ್ಲಸ್ ಡಿಸ್ಕ್ ಬರೆಯುವಾಗ ಬುಕ್ ಟೈಪನ್ನು (ಇದು ಯಾವ ಬಗೆಯ ಡಿಸ್ಕ್ ಅಂತ ಪ್ಲೇಯರ್‌ಗೆ ಹೇಳುವ ಗುರುತು) ಡಿವಿಡಿ ರೋಮ್, ಅಂದರೆ ಕಾರ್ಖಾನೆಯಲ್ಲೇ ತುಂಬಿದ ಡಿಸ್ಕ್, ಅಂತ ಬದಲಿಸಿದವರು ಯಾರಾದರೂ ಇದ್ದೀರಾ, ಯಾವ ಸಾಫ್ಟ್‌ವೇರ್‌ನಲ್ಲಿ? ಸೂಪರ್ ಮಾರ್ಕೆಟ್ ಕಡೆ ಒಳ್ಳೆ ಮೈನಸ್ ಆರ್ ಖಾಲಿ ಡಿಸ್ಕ್ ಸಿಗುವ ಅಂಗಡಿ ಗೊತ್ತಿದ್ದರೂ ತಿಳಿಸಿ.