ಹಳೇ ಲ್ಯಾಪ್‌ಟಾಪ್‌ಗೆ ಯಾವ ಶೆರ್ಲಾಕ್ ಹೋಮ್ಸ್ ಗೇಮ್ ತಗೊಳ್ಳಲಿ?

ಬೆಣ್ಣೆದೋಸೆ_ದಾವಣಗೆರೆ: ಹೋಮ್ಸ್ ಕತೆಗಳನ್ನ ಲೈಬ್ರರಿಯಿಂದ ತಂದು ತಂದು ಓದಿ ಮುಗಿಸಿದ್ದೇನೆ, ಈಗ ಗೇಮ್ ಆಡುವ ಆಸೆ. ಆದ್ರೆ ನಾನು ಆಡಿದ ಪತ್ತೇದಾರಿ ಗೇಮ್‌ಗಳಲ್ಲೆಲ್ಲ ಹೊಳೆಯುವ ವಸ್ತು ಮುಟ್ಟಿದರೆ ಸಾಕು, ಮಿಕ್ಕಿದ್ದನ್ನ ಗೇಮೇ ಹೇಳಿಬಿಡುತ್ತೆ. ನಮ್ಮ ತಲೆಗೆ ಕೆಲಸ ಕೊಡುವಂಥದ್ದು ಇದೆಯಾ? ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್‌ನದು, ಈ ಬಿಸಿಲಲ್ಲಿ ಫ್ಯಾನ್ ಹಿಟ್ಟಿನ ಗಿರಣಿ ತರ ಸದ್ದು ಮಾಡುತ್ತೆ.

ಕೋಟೆ_ಕಲ್ಲು: ಕಣ್ಮುಚ್ಚಿ 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್' ತಗೊಳ್ಳಿ ಗುರು. 2014ರದ್ದು, ಉಕ್ರೇನಿನ ಫ್ರಾಗ್‌ವೇರ್ಸ್ ಮಾಡಿದ್ದು, ಒಟ್ಟು 6 ಕೇಸ್. ಗ್ರಾಫಿಕ್ಸ್ ಸ್ವಲ್ಪ ಇಳಿಸಿದರೆ ಹಳೇ ಯಂತ್ರದಲ್ಲೂ ಓಡುತ್ತೆ. ಮೊದಲ ಕೇಸೇ ಹೋಮ್ಸ್ ಕತೆಗಳಲ್ಲಿ ಬರುವ ಬ್ಲ್ಯಾಕ್ ಪೀಟರ್ ಕೊಲೆ. ಕತೆಯಲ್ಲಿ ಹೋಮ್ಸ್ ಕಟುಕನ ಅಂಗಡಿಗೆ ಹೋಗಿ, ನೇತುಹಾಕಿದ ಹಂದಿಗೆ ಈಟಿ ಚುಚ್ಚಿ ಎಷ್ಟು ಬಲ ಬೇಕು ಅಂತ ನೋಡ್ತಾನಲ್ವಾ, ಇಲ್ಲಿ ಆ ಈಟಿ ಎಸೆಯುವ ಕೆಲಸ ನಮ್ಮದು! ಸಿಕ್ಕ ಸುಳಿವುಗಳನ್ನ ನಾವೇ ಜೋಡಿಸಬೇಕು, ಒಂದೇ ಸುಳಿವಿಗೆ ಎರಡು ಅರ್ಥ ಬರುತ್ತೆ, ಯಾವುದನ್ನ ನಂಬ್ತೀರೋ ಅದರ ಮೇಲೆ ಅಪರಾಧಿ ಬದಲಾಗ್ತಾನೆ. ತಪ್ಪು ಮನುಷ್ಯನನ್ನ ಹಿಡಿದರೂ ಗೇಮ್ ತಡೆಯಲ್ಲ. ನಾನು ಒಬ್ಬ ಅಮಾಯಕನನ್ನ ಒಳಗೆ ಹಾಕಿಸಿ ಖುಷಿಯಾಗಿ ಮಲಗಿದ್ದೆ, ಮಾರನೇ ದಿನ ಗೊತ್ತಾಯ್ತು.

ರಾತ್ರಿಪಾಳಿ: 2021ರ 'ಚಾಪ್ಟರ್ ಒನ್' ಈ ಲ್ಯಾಪ್‌ಟಾಪಲ್ಲಿ ಬೇಡ. ಇಡೀ ದ್ವೀಪ ಸುತ್ತುವ ಗೇಮ್ ಅದು, ಗಿರಣಿ ಸುಟ್ಟೇ ಹೋಗುತ್ತೆ. ಮಜಾ ಬೇಕಂದ್ರೆ 2007ರಲ್ಲಿ ಬಂದ, ಹೋಮ್ಸ್‌ಗೂ ಫ್ರೆಂಚ್ ಕತೆಗಳ ಚಾಲಾಕಿ ಕಳ್ಳ ಆರ್ಸೇನ್ ಲೂಪನ್‌ಗೂ ಪೈಪೋಟಿ ಇರುವ ಗೇಮ್ ನೋಡಿ. ಅದರಲ್ಲಿ ಹೋಮ್ಸ್ ಗೆಳೆಯ ವಾಟ್ಸನ್ ನಡೆಯುವುದೇ ಇಲ್ಲ. ನೀವು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಬೆನ್ನ ಹಿಂದೆ ಸುಮ್ನೆ ನಿಂತಿರ್ತಾನೆ. ರಾತ್ರಿ ಒಬ್ಬರೇ ಆಡಬೇಡಿ.

ಓದುಗಪ್ಪ: 'ದ ಗ್ರೇಟ್ ಏಸ್ ಅಟಾರ್ನಿ ಕ್ರಾನಿಕಲ್ಸ್' ಯಾರೂ ಹೇಳಲಿಲ್ವಲ್ಲ. ಜಪಾನಿನ ಕ್ಯಾಪ್‌ಕಾಮ್‌ನದು. ಇಂಗ್ಲಿಷ್‌ನಲ್ಲಿ ಹೋಮ್ಸ್ ಹೆಸರು ಹರ್ಲಾಕ್ ಶೋಮ್ಸ್ ಆಗಿದೆ. ಅವನು ಭಾರೀ ಗತ್ತಲ್ಲಿ ತಪ್ಪು ತಪ್ಪಾಗಿ ಊಹಿಸ್ತಾನೆ, ಅದನ್ನ ತಿದ್ದುವುದೇ ನಮ್ಮ ಕೆಲಸ. ಮಾತು ಮಾತ್ರ ಜಾಸ್ತಿ, ಓದಿ ಓದಿ ಸಾಕಾಗುತ್ತೆ.

ಕೋಟೆ_ಕಲ್ಲು: ಅದು ಕೋರ್ಟ್ ಗೇಮ್, ಅವರು ಕೇಳಿದ್ದು ಪತ್ತೇದಾರಿ.

ಓದುಗಪ್ಪ: ತಲೆಗೆ ಕೆಲಸ ಅಂದ್ರಲ್ಲ, ಅದಕ್ಕೆ ಹೇಳಿದೆ.

ಬೆಣ್ಣೆದೋಸೆ_ದಾವಣಗೆರೆ: ಥ್ಯಾಂಕ್ಸ್ ಎಲ್ಲರಿಗೂ. ಕೋಟೆಯವರ ಮಾತು ಕೇಳಿ ತಗೊಂಡೆ. ಬ್ಲ್ಯಾಕ್ ಪೀಟರ್ ಕತೆ ಓದಿದ್ದೀನಲ್ಲ, ಉತ್ತರ ಗೊತ್ತು ಅಂತ ಕೂತೆ. ನೋಡಿದರೆ ಇದರಲ್ಲಿ ಕತೆಯಲ್ಲಿಲ್ಲದ ತೋಟದವನೊಬ್ಬ ಇದ್ದಾನೆ, ಈಗ ನನಗೇ ಅನುಮಾನ. ತಂಗಿ ಕತೆ ಓದಿಲ್ಲ, ಮಂಡಕ್ಕಿ ತಿಂತಾ ತೋಟದವನೇ ಅಂತ ಹಠ ಹಿಡಿದಿದ್ದಾಳೆ, ಮೌಸ್ ತುಂಬ ಎಣ್ಣೆ. ಯಾರೂ ಉತ್ತರ ಹೇಳಬೇಡಿ. ಕರೆಂಟ್ ಹೋಗಿದೆ, ಬ್ಯಾಟರಿ ಸತ್ತಿದೆ, ಫೋನಿಂದ ಬರೀತಿದ್ದೀನಿ. ಬಂದ ಮೇಲೆ ಹಿಡಿಯುತ್ತೇವೆ.