ಮಿಲ್ಟನ್ ನಾಸಿಮೆಂಟೊ ಅವರ 1973ರ ಆಲ್ಬಮ್‌ನಲ್ಲಿ ಪದಗಳಿಲ್ಲದ ಹಾಡುಗಳೇಕೆ?

ಪ್ರಶ್ನೆ: ಆಲಾಪಪ್ರಿಯ

ಎಲ್ಲರಿಗೂ ನಮಸ್ಕಾರ. ಬ್ರೆಜಿಲ್ ದೇಶದ ಗಾಯಕ ಮಿಲ್ಟನ್ ನಾಸಿಮೆಂಟೊ ಅವರ ‘ಮಿಲಾಗ್ರಿ ದುಸ್ ಪೇಶಿಸ್’ (ಮೀನುಗಳ ಪವಾಡ) ಎಂಬ ಆಲ್ಬಮ್ಮನ್ನು ಒಂದು ವಾರದಿಂದ ಕೇಳುತ್ತಿದ್ದೇನೆ. ನನಗೆ ಪೋರ್ಚುಗೀಸ್ ಬಾರದು. ಹೀಗಾಗಿ ಹಲವು ಹಾಡುಗಳಲ್ಲಿ ಪದಗಳೇ ಇಲ್ಲವೆಂಬುದು ಮೊದಲಿಗೆ ಗಮನಕ್ಕೆ ಬರಲಿಲ್ಲ. ಅರ್ಥ ತಿಳಿಯೋಣವೆಂದು ಸಾಹಿತ್ಯವನ್ನು ಹುಡುಕಲು ಹೋದಾಗಲೇ ಅಲ್ಲಿ ಹುಡುಕುವುದಕ್ಕೆ ಏನೂ ಇಲ್ಲವೆಂದು ಗೊತ್ತಾಯಿತು. ನಮ್ಮ ಆಲಾಪನೆಯಂತೆ ಇದು ಕೇವಲ ನಾದದ ಪ್ರಯೋಗವೇ ಎಂದುಕೊಂಡರೆ, ಸೇನಾ ಸರ್ವಾಧಿಕಾರಕ್ಕೆ ಎದುರು ನಿಂತ ಆಲ್ಬಮ್ ಎಂದು ಇದನ್ನು ಕೊಂಡಾಡುತ್ತಾರೆ. ಮಾತಿಲ್ಲದ ಹಾಡು ಪ್ರತಿಭಟನೆಯಾಗುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ತಟ್ಟೆ

ಆಲಾಪನೆಯ ಹೋಲಿಕೆ ಸಹಜವೇ. ಆದರೆ ಇಲ್ಲಿ ಪದಗಳನ್ನು ಗಾಯಕರು ಬಿಟ್ಟುಕೊಡಲಿಲ್ಲ, ಸರ್ಕಾರ ಕಿತ್ತುಕೊಂಡಿತು.

ಬ್ರೆಜಿಲ್‌ನಲ್ಲಿ 1964ರಿಂದ 1985ರವರೆಗೆ ಸೇನೆಯ ಆಳ್ವಿಕೆಯಿತ್ತು. 1968ರ ಡಿಸೆಂಬರ್ 13ರಂದು ಆ ಸೇನಾ ಸರ್ಕಾರ ಹೊರಡಿಸಿದ ‘ಐದನೆಯ ಸಾಂಸ್ಥಿಕ ಶಾಸನ’ ಎಂಬ ಆಜ್ಞೆಯ ಬಲದಿಂದ ಸಂಸತ್ತಿಗೆ ಬೀಗ ಬಿತ್ತು, ರಾಜಕೀಯ ಕೈದಿಗಳಿಗೆ ಹೇಬಿಯಸ್ ಕಾರ್ಪಸ್ (ಅಕ್ರಮ ಬಂಧನದ ವಿರುದ್ಧ ನ್ಯಾಯಾಲಯದ ಮೊರೆ ಹೋಗುವ ಹಕ್ಕು) ರಕ್ಷಣೆ ಇಲ್ಲದಾಯಿತು. ಅದಾದ ಎರಡೇ ವಾರಗಳಲ್ಲಿ ಗಾಯಕರಾದ ಕಾಯೆತಾನೊ ವೆಲೋಸೊ ಮತ್ತು ಜಿಲ್ಬೆರ್ತೊ ಜಿಲ್ ಬಂಧಿತರಾದರು. ಮರುವರ್ಷ ಇಬ್ಬರೂ ದೇಶ ಬಿಟ್ಟು ಲಂಡನ್ ಸೇರಬೇಕಾಯಿತು. ದೇಶದಲ್ಲೇ ಉಳಿದವರು ತಮ್ಮ ಹಾಡಿನ ಸಾಹಿತ್ಯವನ್ನು ಬಿಡುಗಡೆಗೆ ಮುಂಚೆ ಬರಹದಲ್ಲಿ ಸೆನ್ಸಾರ್ ವಿಭಾಗಕ್ಕೆ ಒಪ್ಪಿಸಿ ಅನುಮತಿ ಪಡೆಯಬೇಕಿತ್ತು.

ಈ ಆಲ್ಬಮ್‌ನ ಮೂರು ಹಾಡುಗಳ ಸಾಹಿತ್ಯಕ್ಕೆ ಅಲ್ಲಿ ಕತ್ತರಿ ಬಿತ್ತು: ಮಾರ್ಸಿಯೊ ಬೋರ್ಜಿಸ್ ಬರೆದ ‘ಇಂದು ಅರಸನ ದಿನ’, ಫೆರ್ನಾಂಡೊ ಬ್ರಾಂಟ್ ಬರೆದ ‘ಯೋಬನ ಗುಲಾಮರು’, ಚಿತ್ರನಿರ್ದೇಶಕ ರೂಯಿ ಗೆರ್ರಾ ಬರೆದ ‘ಕದೇ’. ಹಾಡುಗಳನ್ನೇ ಕೈಬಿಡಬಹುದಿತ್ತು, ಇಲ್ಲವೇ ಯಾರಿಗೂ ನೋವಾಗದ ಹೊಸ ಸಾಲುಗಳನ್ನು ಹೊಂದಿಸಬಹುದಿತ್ತು. ಮಿಲ್ಟನ್ ಎರಡನ್ನೂ ಮಾಡದೆ, ರಾಗವನ್ನೂ ಶೀರ್ಷಿಕೆಯನ್ನೂ ಹಾಗೆಯೇ ಉಳಿಸಿಕೊಂಡು, ಪದ ಇರಬೇಕಾದ ಕಡೆ ತಮ್ಮ ಕಂಠವನ್ನಷ್ಟೇ ಇಟ್ಟರು.

ಉತ್ತರ 2: ಮಂದ್ರಸ್ಥಾಯಿ

ಮೇಲಿನವರು ಹೇಳಿದ ಶೀರ್ಷಿಕೆಯ ಸಂಗತಿಯೇ ಮುಖ್ಯವೆಂದು ನನ್ನ ಭಾವನೆ. ಆಲಾಪನೆಯಲ್ಲಿ ನಾವು ಯಾವ ಪದವನ್ನೂ ನಿರೀಕ್ಷಿಸುವುದಿಲ್ಲ, ಆದ್ದರಿಂದ ಅಲ್ಲಿ ಕೊರತೆಯೆಂಬುದಿಲ್ಲ. ಇಲ್ಲಿ ಹೆಸರಿದೆ, ಹಾಡಿಲ್ಲ. ‘ಕದೇ’ ಎಂದರೆ ಆಡುಮಾತಿನ ಪೋರ್ಚುಗೀಸ್‌ನಲ್ಲಿ ‘ಎಲ್ಲಿ?’ ಎಂದರ್ಥ. ಯಾರು, ಏನು ಎಂಬುದನ್ನು ಹೇಳಲು ಪದಗಳಿಲ್ಲದೆ ‘ಎಲ್ಲಿ’ ಎಂಬ ಪ್ರಶ್ನೆಯೊಂದೇ ಗ್ರಾಮಫೋನ್ ತಟ್ಟೆಯ ಮೇಲೆ ಉಳಿದ ಆ ದೇಶದಲ್ಲಿ, ಸೇನಾಡಳಿತದ ಕಾಲದಲ್ಲಿ ಸತ್ತವರು ಮತ್ತು ಕಾಣೆಯಾದವರು 434 ಮಂದಿ ಎಂದು ರಾಷ್ಟ್ರೀಯ ಸತ್ಯ ಆಯೋಗ 2014ರಲ್ಲಿ ವರದಿ ಕೊಟ್ಟಿತು. ಅದನ್ನು ತಿಳಿದ ಮೇಲೆ ಆ ಹಾಡನ್ನು ನಾದದ ಪ್ರಯೋಗವೆಂದು ಕೇಳುವುದು ನನಗಂತೂ ಸಾಧ್ಯವಾಗಿಲ್ಲ.

‘ಯೋಬನ ಗುಲಾಮರು’ ಎಂಬ ಹೆಸರು ಬಂದದ್ದು ಒಂದು ಮಕ್ಕಳ ಆಟದಿಂದ. ಸುತ್ತ ಕುಳಿತ ಮಕ್ಕಳು ಹಾಡು ಹೇಳುತ್ತ, ತಾಳಕ್ಕೆ ಸರಿಯಾಗಿ ಕಲ್ಲನ್ನೋ ಬೆಂಕಿಪೊಟ್ಟಣವನ್ನೋ ಪಕ್ಕದವರ ಮುಂದಿಡುತ್ತ ಹೋಗುತ್ತಾರೆ. ಬ್ರೆಜಿಲ್‌ನ ಪ್ರತಿ ಮಗುವಿಗೂ ಗೊತ್ತಿರುವ ಆ ಹೆಸರಿನಡಿ ಮಿಲ್ಟನ್ ಜೊತೆಗೆ ದನಿಗೂಡಿಸುವವರು ಕ್ಲೆಮೆಂಟಿನಾ ದೆ ಜೆಸೂಸ್. ಗುಲಾಮಗಿರಿಯನ್ನು ಕಂಡವರ ಮೊಮ್ಮಗಳಾದ ಅವರು, ಎಷ್ಟೋ ವರ್ಷ ಮನೆಗೆಲಸ ಮಾಡಿ, ಅರವತ್ತು ದಾಟಿದ ಮೇಲೆ ವೇದಿಕೆ ಏರಿದವರು. ಆ ಗಡಸು ಕಂಠ ಕೇಳಿಸುವ ಗಳಿಗೆಯನ್ನು ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಅಲ್ಲಿ ಯಾವ ಅಧಿಕಾರಿ ಏನನ್ನು ಹೊಡೆದುಹಾಕಬಲ್ಲ?

ಉತ್ತರ 3: ಪದಕಾರ

ನಿಮ್ಮಿಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೂ ಸೆನ್ಸಾರ್‌ನ ಕತ್ತರಿಯೇ ಒಂದು ಮೇರುಕೃತಿಯನ್ನು ಕೊಟ್ಟಿತು ಎಂಬ ಅರ್ಥ ಬಾರದಿರಲಿ. ನಾನು ಹಾಡು ಬರೆಯುವವನಾದ್ದರಿಂದ ನನ್ನ ಕರುಳು ಬೋರ್ಜಿಸ್ ಮತ್ತು ಬ್ರಾಂಟ್ ಅವರ ಕಡೆಗೆ ಎಳೆಯುತ್ತದೆ. ಗಾಯಕನಿಗೆ ಕಂಠವಾದರೂ ಉಳಿಯಿತು, ಕವಿಗೆ ಉಳಿದದ್ದೇನು? ಬ್ರಾಂಟ್ ಅವರ ಹಾಡಂತೂ ‘ಕಾಶಾಂಗಾ’ ಎಂಬ ಬೇರೆ ಹೆಸರಿನಲ್ಲಿ 1977ರಲ್ಲಿ ಎಲಿಸ್ ರೆಜಿನಾ ಅವರ ದನಿಯಲ್ಲಿ ಬಂದಿತು. ಆ ಹೆಸರೂ ಅದೇ ಆಟದ ಮಕ್ಕಳ ಹಾಡಿನಿಂದ ಆಯ್ದದ್ದು.

ಅದೇ ಕಾಲದಲ್ಲಿ ಬ್ರೆಜಿಲ್‌ನ ಇನ್ನೊಬ್ಬ ಗಾಯಕ, ಗೀತರಚನಕಾರ ಶೀಕೊ ಬುವಾರ್ಕಿ ಬೇರೆ ದಾರಿ ಹಿಡಿದಿದ್ದರು. ಅವರು ಜಿಲ್ ಜೊತೆಗೂಡಿ ಬರೆದ ‘ಕಾಲಿಸಿ’ ಹಾಡಿನಲ್ಲಿ ಪಾನಪಾತ್ರೆ ಎಂಬ ಪದವೇ ಕಿವಿಗೆ ‘ಬಾಯಿ ಮುಚ್ಚು’ ಎಂದೂ ಕೇಳುತ್ತದೆ. 1973ರ ಕಛೇರಿಯೊಂದರಲ್ಲಿ ಇಬ್ಬರೂ ಅದನ್ನು ಹಾಡತೊಡಗಿದಾಗ ಮೈಕುಗಳನ್ನೇ ಬಂದ್ ಮಾಡಲಾಯಿತು. 1978ರಲ್ಲಿ ಅದು ಕೊನೆಗೂ ತಟ್ಟೆಯಾಗಿ ಬಂದಾಗ, ಶೀಕೊ ಜೊತೆ ಅದನ್ನು ಹಾಡಿದವರು ಮಿಲ್ಟನ್ ಅವರೇ, ಈ ಬಾರಿ ಪದಗಳ ಸಮೇತ.

ಆಲಾಪಪ್ರಿಯ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ‘ಕದೇ’ ಹಾಡನ್ನು ಅದರ ಅರ್ಥ ತಿಳಿದು ಮತ್ತೆ ಕೇಳಿದೆ. ಒಂದು ವಾರ ಇದನ್ನೇ ಅಡುಗೆಮನೆಯ ಕೆಲಸದ ನಡುವೆ ಹಿನ್ನೆಲೆಗೆ ಹಾಕಿಕೊಂಡಿದ್ದೆ. ನಿನ್ನೆ ಒಲೆ ಆರಿಸಿ ಕುಳಿತು ಕೇಳಬೇಕಾಯಿತು. ಇನ್ನು ‘ಕಾಶಾಂಗಾ’ ಕೇಳಬೇಕು. ಬ್ರಾಂಟ್ ಅವರ ಸಾಲುಗಳ ಅರ್ಥವನ್ನು ಕನ್ನಡದಲ್ಲಿ ಯಾರಾದರೂ ಬಿಡಿಸಿ ಹೇಳುವುದಾದರೆ ತುಂಬ ಉಪಕಾರವಾಗುತ್ತದೆ.